ಮನೆಗೆ ಬಂದ ಲೋಟ

ಚೂಟಿಗೆ ಅಜ್ಜಿಯ ಆಶೀರ್ವಾದ.

ಈ ಲಕೋಟೆ ಒಡೆದವರು ಚೂಟಿಯಲ್ಲದೆ ಬೇರೆ ಯಾರಾದರೂ ಆಗಿದ್ದರೆ ನಿಮಗೆ ನಾಚಿಕೆಯಿಲ್ಲ, ಮಡಚಿ ಇಟ್ಟುಬಿಡಿ. ಚೂಟಿಯೇ ಆಗಿದ್ದರೆ ನಿನಗೂ ಇಲ್ಲ. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಅಜ್ಜಿಯ ಕಾಗದ ಓದುವವಳು ನೀನು, ನನಗೆ ಗೊತ್ತು. ಫೋನು ಬೋರಲು ಹಾಕು. ಸರಿಯಾಗಿ ಕೂತುಕೋ. ನಾನು ಊರು ತಲುಪಿದೆನಾ ಎಂದು ಅವತ್ತು ಕೇಳಿದವಳು, ಆಮೇಲೆ ಇದ್ದೇನಾ ಸತ್ತೆನಾ ಎಂದು ಕೇಳಿಲ್ಲ. ಇದ್ದೇನೆ. ನಿನ್ನ ಮನೆಯಲ್ಲಿದ್ದು ಪೊರೆ ತೆಗೆಸಿದ ಕಣ್ಣು ಈಗ ಚೆನ್ನಾಗಿ ಕಾಣುತ್ತದೆ, ನಿಮ್ಮಮ್ಮ ಗುಡಿಸದೆ ಬಿಟ್ಟ ಮೂಲೆಗಳೂ ಕಾಣುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನನ್ನು ಬಸ್ಸು ಹತ್ತಿಸಿ, ಕಿಟಕಿಯ ಹತ್ತಿರ ನಿಂತು ಕೇಳಿದೆಯಲ್ಲ, "ಅಜ್ಜಿ, ನಾನಾಗೇ ಕೆಲಸ ಬಿಟ್ಬಿಡ್ಲಾ, ಇಲ್ಲಾ ಅವರೇ ಕಳಿಸೋ ತನಕ ಕಾಯ್ಲಾ?" ಅಷ್ಟರಲ್ಲಿ ಬಸ್ಸು ಹೊರಟಿತು. ಪೂರ್ತಿ ಉತ್ತರ ಈ ಕಾಗದದಲ್ಲೂ ಇಲ್ಲ. ಆದರೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ನಿನ್ನ ಮನೆಯಲ್ಲಿ ನಾನು ಕಂಡಿದ್ದು ಕಡಿಮೆಯೇನಲ್ಲ.

ಮನೆಯಿಂದ ಕೆಲಸ ಮಾಡುವ ದಿನ ಸ್ನಾನಕ್ಕೆ ಹೋಗುವಾಗ ಕಂಪ್ಯೂಟರಿನ ಆ ಮೌಸನ್ನು ನನ್ನ ಕೈಗೆ ಕೊಟ್ಟು, "ಸುಮ್ನೆ ಅಲ್ಲಾಡಿಸ್ತಾ ಇರು ಅಜ್ಜಿ, ನನ್ನ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿ ಆದ್ರೆ ಆಫೀಸ್ನವ್ರು ಇವಳು ಎದ್ದು ಹೋಗಿದಾಳೆ ಅಂದ್ಕೋತಾರೆ" ಎನ್ನುತ್ತಿದ್ದೆ. ತೊಟ್ಟಿಲು ತೂಗಿದ ಕೈ, ಅಲ್ಲಾಡಿಸಿದೆ. ಒಂದು ದಿನ ಸ್ನಾನ ಮುಗಿಸಿ ಸೋಫಾಕ್ಕೆ ಒರಗಿದವಳು ಹಾಗೇ ನಿದ್ದೆ ಹೋದೆ. ಎಬ್ಬಿಸಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಪೂರ್ತಿ, ಇರುವ ಒಂದು ಕಣ್ಣಿನಲ್ಲಿ ಚುಕ್ಕೆ ಕಾಯುತ್ತಾ, ನಾನೇ ಅಲ್ಲಾಡಿಸಿದೆ. ಮರುದಿನ ನಿಮ್ಮ ಮ್ಯಾನೇಜರ್, ಊಟಕ್ಕೂ ಏಳದೆ ಕೂತವಳು ಎಂದು ಎಲ್ಲರ ಎದುರು ನಿನ್ನನ್ನು ಹೊಗಳಿದನಂತೆ. ನೀನು ನಗುತ್ತಾ ಹೇಳಿದೆ, ನಾನೂ ನಕ್ಕೆ. ಆಮೇಲೆ ನೀನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ. ತೊಳೆಯುವುದಕ್ಕೆ ಪಾತ್ರೆ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿನ್ನ ಬಾಯಿಗೆ ಬಿಡುವಿರಲಿಲ್ಲ. ಬಟ್ಟೆ ಒಗೆಯುವ ಮೆಷಿನ್ ಕೊಂಡ ಜನ ಬರೆಯುವ ದೂರುಗಳನ್ನೆಲ್ಲ ಓದಿ, ಏನು ಸರಿಪಡಿಸಬೇಕೆಂದು ಮೇಲಿನವರಿಗೆ ಹೇಳುವುದೇ ನನ್ನ ಕೆಲಸ ಎನ್ನುತ್ತಿದ್ದೆ. ಮುಚ್ಚಳದ ಹಿಡಿ ಮುರಿಯುತ್ತದೆ ಎಂದು ಜನ ಆಗಲೂ ಬರೆಯುತ್ತಿದ್ದರು, ಈಗಲೂ ಬರೆಯುತ್ತಾರೆ. ಅಂಥ ದೂರು ಎಷ್ಟು ಬಂತೆಂದು ನೀನು ಬಣ್ಣದ ಪಟ್ಟೆ ಎಳೆದು ತೋರಿಸುತ್ತೀಯ, ಅವರು ಪಟ್ಟೆಯ ಬಣ್ಣ ಬದಲಾಯಿಸು ಎನ್ನುತ್ತಾರೆ. ನಿನ್ನ ಮನೆಯಲ್ಲಿರುವುದೂ ನಿಮ್ಮ ಕಂಪನಿಯ ಮೆಷಿನ್ನೇ. ಮುಚ್ಚಳ ಎತ್ತಬೇಕಾದರೆ ಚಮಚ ಬೇಕು.

ಇದರ ಮೇಲೆ ಕೆಲಸದಿಂದ ತೆಗೆಯುತ್ತಾರೆಂಬ ಭಯ ಬೇರೆ. ನಿನ್ನ ಪಕ್ಕದ ಮೇಜಿನವಳ ಕಾರ್ಡಿಗೆ ಒಂದು ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯಲಿಲ್ಲ. ಕಾರ್ಡು ಕೊಳೆಯಾಗಿದೆ ಎಂದುಕೊಂಡು ಬಟ್ಟೆಗೆ ಒರೆಸಿ ಒರೆಸಿ ಇಟ್ಟಳಂತೆ. ಅವಳ ಸಾಮಾನು ಆಮೇಲೆ ರಟ್ಟಿನ ಡಬ್ಬಿಯಲ್ಲಿ ಮನೆಗೆ ಬಂತು, ಇನ್ಯಾರದೋ ಚಪ್ಪಲಿಯೂ ಅದರೊಳಗಿತ್ತು ಎಂದೆ.

ಅಲ್ಲಿಂದ ನೀನು ಶುರುಮಾಡಿದೆ. ಮುದುಕಿಗೆ ತಿಳಿಯಲಿಲ್ಲ ಎಂದುಕೊಂಡಿದ್ದೀಯ. ಆಫೀಸಿಗೆ ಹೋದ ದಿನವೆಲ್ಲ ಚೀಲದಲ್ಲಿ ಏನಾದರೊಂದು ಬಂತು. ಮೊದಲು ಎ.ಸಿ. ಚಳಿಗೆಂದು ಇಟ್ಟಿದ್ದ ಶಾಲು, ಆಮೇಲೆ ಬೆನ್ನಿಗೆ ಕೊಡುವ ದಿಂಬು. ಕುಂಡದ ಗಿಡವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ, ಅರ್ಧ ಎಲೆ ದಾರಿಯಲ್ಲೇ ಹೋಯಿತು. ಕೊನೆಗೆ ಆ ನೀಲಿ ಲೋಟ. ಇನ್ನು ಅಲ್ಲಿ ಯಾವುದರಲ್ಲಿ ಕುಡೀತೀಯೇ ಎಂದು ಕೇಳಿದ್ದಕ್ಕೆ, "ಪೇಪರ್ ಕಪ್ ಇರುತ್ತೆ ಬಿಡಜ್ಜಿ" ಎಂದು ಮುಖ ಆ ಕಡೆ ಮಾಡಿದೆ.

ನಿಮ್ಮ ತಾತನೂ ಇದನ್ನೇ ಮಾಡಿದರು. ನಿಮ್ಮಪ್ಪ ಆಗ ಚಿಕ್ಕವನು, ಅವನಿಗೆ ಗೊತ್ತಿಲ್ಲ. ತಾತ ಕೆಲಸಕ್ಕಿದ್ದ ಬಲ್ಬು ಕಾರ್ಖಾನೆ ಮುಚ್ಚುತ್ತಾರೆಂದು ಸುದ್ದಿ ಹುಟ್ಟಿತು. ಮುಚ್ಚಿದ ದಿನ ಗೇಟಿನ ಹೊರಗೆ ಗಂಟು ಹಿಡಿದು ನಿಲ್ಲುವುದು ಆ ಮನುಷ್ಯನ ಕೈಲಾಗದ ಮಾತು. ಹಾಗಾಗಿ ಮೊದಲೇ ಒಂದೊಂದಾಗಿ ಎಲ್ಲ ಮನೆಗೆ ತಂದರು. ಟವಲು, ಸೋಪಿನ ಡಬ್ಬಿ, ಬದಲಿ ಅಂಗಿ, ನೀರಿನ ಲೋಟ. ಕಾರ್ಖಾನೆ ಮುಚ್ಚಲಿಲ್ಲ. ಬರುವ ವರ್ಷ ಮುಚ್ಚುತ್ತದೆ ಎಂದರು, ಆಗಲೂ ಮುಚ್ಚಲಿಲ್ಲ. ನಾನು ಲೋಟವನ್ನು ಚೀಲಕ್ಕೆ ಹಾಕಿದರೆ ತೆಗೆದು ಗೂಡಿನಲ್ಲಿಡುತ್ತಿದ್ದರು. "ವಾಪಸ್ ತೊಗೊಂಡ್ ಹೋದ್ರೆ, ಯಾಕಯ್ಯಾ ಮನೆಗೆ ಒಯ್ದಿದ್ದೆ ಅಂತ ಕೇಳ್ತಾರೆ ಕಣೇ."

ಅಷ್ಟೇ. ಅಷ್ಟು ನಾಚಿಕೆಗೆ, ನಿವೃತ್ತಿಯಾಗುವ ತನಕ ನಲ್ಲಿಗೆ ಬೊಗಸೆ ಒಡ್ಡಿ ನೀರು ಕುಡಿದರು. ಕೈ ತೊಳೆದು ಪ್ಯಾಂಟಿಗೆ ಒರೆಸಿಕೊಂಡರು. ಮಳೆಯಲ್ಲಿ ನೆನೆದರೆ ಸಂಜೆಯವರೆಗೆ ಒದ್ದೆ ಅಂಗಿಯಲ್ಲೇ ಕೂತರು. ಬಡ್ತಿ ಕೊಡುತ್ತೇವೆ ಎಂದಾಗ, ಹೇಗಿದ್ದರೂ ಹೋಗುವವನು ನನಗ್ಯಾಕೆ ಎಂದರು. ಬೇರೆ ಕಡೆಯವರು ಕರೆದಾಗ, ಇಲ್ಲಿ ಇನ್ನೂ ಕಳಿಸಿಲ್ಲವಲ್ಲ ಎಂದರು. ಕೊನೆಯ ದಿನ ಎರಡೂ ಕೈ ಬೀಸಿಕೊಂಡು ಮನೆಗೆ ಬಂದರು. ಹೊತ್ತು ತರಲು ಏನೂ ಇರಲಿಲ್ಲ. ಗೆದ್ದೆ ಎಂದುಕೊಂಡರೋ ಏನೋ, ನಾನು ಕೇಳಲಿಲ್ಲ.

ನಿನಗೆ ಬಿಡು ಎಂದೂ ಹೇಳುವುದಿಲ್ಲ, ಇರು ಎಂದೂ ಹೇಳುವುದಿಲ್ಲ. ಮನೆ ಬಾಡಿಗೆ ಕಟ್ಟುವವಳು ನೀನು. ಅವರಾಗಿ ಕಳಿಸಿದರೆ ಕೈಗೊಂದಿಷ್ಟು ದುಡ್ಡು ಸಿಗುತ್ತದೆ, ತಾಳಿಕೊಳ್ಳಲಿ ಎನ್ನುತ್ತಾನೆ ನಿಮ್ಮಪ್ಪ. ಸುಳ್ಳಲ್ಲ. ಬಿಟ್ಟುಬರುವುದಾದರೆ ನನ್ನ ಕೋಣೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗವಿದೆ. ಗೊರಕೆಯ ಮಾತೆತ್ತಬಾರದು. ಇರುವುದಾದರೆ ಶಾಲು, ದಿಂಬು, ಲೋಟ ಎಲ್ಲ ಹೊತ್ತುಕೊಂಡು ಹೋಗಿ ಮೇಜಿನ ಮೇಲಿಡು. ಯಾರಾದರೂ ಕೇಳಿದರೆ ತೊಳೆಯಲು ಒಯ್ದಿದ್ದೆ ಎನ್ನು. ಆ ಮುರಿದ ಹಿಡಿಯ ವಿಷಯವನ್ನು ಪಟ್ಟೆ ಎಳೆಯದೆ ಬಾಯಿಬಿಟ್ಟು ಹೇಳು. ಅದಕ್ಕೇ ಕಳಿಸಿದರೆ ಕಳಿಸಲಿ, ರಟ್ಟಿನ ಡಬ್ಬಿ ಹೊತ್ತು ಬಾ. ನೋಡುವವರು ಮೂಲೆ ತಿರುಗುವ ತನಕ ನೋಡುತ್ತಾರೆ, ಆಮೇಲೆ ಅವರಿಗೂ ಕೆಲಸವಿರುತ್ತದೆ. ಸಾಮಾನು ಮನೆಯಲ್ಲಿ, ಮೈ ಆಫೀಸಿನಲ್ಲಿ ಇಟ್ಟುಕೊಂಡು ಕೂರುವುದನ್ನು ಮಾತ್ರ ನಾನು ಒಂದು ಸಲ ನೋಡಿಯಾಗಿದೆ. ಇನ್ನೊಂದು ಸಲ ಅದನ್ನೇ ನೋಡುವುದಕ್ಕೆಂದು ಕಣ್ಣು ಮಾಡಿಸಿಕೊಂಡಿಲ್ಲ.

ಯಾವುದೇ ಮಾಡು, ನಾಳೆ ಅಜ್ಜಿ ಹೇಳಿದಳು ಎಂದು ನನ್ನ ತಲೆಗೆ ಕಟ್ಟಬೇಡ. ಗಿಡಕ್ಕೆ ನೀರು ಹಾಕು. ಎಲ್ಲಿದ್ದರೂ ನಿನ್ನ ಲೋಟದಲ್ಲಿ ನೀನು ಕುಡಿಯುವಂತಾಗಲಿ, ಚೆನ್ನಾಗಿರು.

ಇಂತಿ,
ನಿನ್ನ ಮೌಸು ಅಲ್ಲಾಡಿಸಿದ ಅಜ್ಜಿ

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರಬೇಕು. ಉದ್ದ ಬೇಡ. ಲೋಟ ಎಲ್ಲಿದೆ ಎಂದು ಒಂದು ಸಾಲು ಬರೆ, ಸಾಕು.