ಮೇಲೆತ್ತಿದ ಕೈಗಳು

ಕುಣಿಗಲ್,
ಭಾನುವಾರ

ರೇಣುಕಾಪ್ರಸಾದ್ ಅಣ್ಣನವರಿಗೆ, ನಿಮ್ಮ ಜೊತೆ ಕೆಲಸ ಮಾಡುವ ಮುತ್ತುರಾಜ್ ಅವರ ಮನೆಯಾಕೆ ಸುಶ್ಮಿತಾ ಮಾಡುವ ನಮಸ್ಕಾರ.

ನಿಮ್ಮ ಫೋನ್ ಸ್ವಿಚ್ ಆಫ್ ಆಗಿರುವುದರಿಂದ ಬರೆಯುತ್ತಿದ್ದೇನೆ.

ಏರ್‌ಪೋರ್ಟಿನಲ್ಲಿ ನಿಮ್ಮ ಜೊತೆಯ ಕೆಲಸಗಾರ ಕದರೇಶ ವಿಮಾನದ ಚಕ್ರಕ್ಕೆ ಸಿಕ್ಕಿ ತೀರಿಕೊಂಡ ಮೇಲೆ ಇವರು ಡ್ಯೂಟಿಗೆ ಹೋಗಿಲ್ಲ. ಅವತ್ತು ನೀವು ಟ್ರ್ಯಾಕ್ಟರಿನಿಂದ ವಿಮಾನವನ್ನು ಹಿಂದಕ್ಕೆ ತಳ್ಳುತ್ತಿದ್ದಿರಿ, ಏನಾದರೂ ಅಡ್ಡ ಬಂದರೆ ನಿಮಗೆ ಕೈಸನ್ನೆ ಮಾಡಲು ಇವರು ರೆಕ್ಕೆಯ ಪಕ್ಕ ನಡೆಯುತ್ತಿದ್ದರು. ಕದರೇಶ ಎಡವಿ ಬಿದ್ದದ್ದನ್ನು ಕಂಡು, ನಿಲ್ಲಿಸಿ ಎಂದು ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದೆ ಎಂದು ಇವರು ಅವತ್ತೇ, ಕದರೇಶನನ್ನು ಒಯ್ದ ಆಸ್ಪತ್ರೆಯಿಂದಲೇ, ಫೋನಿನಲ್ಲಿ ಹೇಳಿದ್ದರು. ವಿಚಾರಣೆಯಲ್ಲಿ ನೀವು, ಇವರು ಕೈ ಎತ್ತಲೇ ಇಲ್ಲ ಎಂದಿರಂತೆ. ಆಮೇಲೆ ಇವರಿಗೂ ಅನುಮಾನ. "ಎತ್ತಿದ್ನಾ ಕಣೇ ನಾನು?" ಎಂದು, ಅಲ್ಲಿ ಇರದ ನನ್ನನ್ನು ಕೇಳುತ್ತಾರೆ.

ಮೊನ್ನೆ ತುಮಕೂರಿಗೆ ಡಾಕ್ಟರ ಹತ್ತಿರ ಹೊರಟಿದ್ದೆವು. ಸ್ಟ್ಯಾಂಡಿನಲ್ಲಿ ಬಸ್ಸೊಂದು ರಿವರ್ಸ್ ಬರುತ್ತಿತ್ತು. ಇವರು ಓಡಿಹೋಗಿ ಅದರ ಹಿಂದೆ ಹಾಗೆಯೇ ಕೈ ಎತ್ತಿ ನಿಂತರು. ಬಸ್ಸು ನಿಂತಿತು, ಜನ ನಕ್ಕರು, ಕೈ ಮಾತ್ರ ಇಳಿಯಲಿಲ್ಲ. ಕೊನೆಗೆ ಡ್ರೈವರ್ ಇಳಿದು ಬಂದು, "ನೋಡ್ದೆ ಕಣಣ್ಣ, ನಿಲ್ಸಿದೀನಿ, ಇಳ್ಸು ಕೈಯ" ಅಂದ. ಆಗ ಇಳಿಸಿದರು.

ಅಣ್ಣ, ಎರಡೂ ರೆಕ್ಕೆ ನೋಡಿಕೊಳ್ಳಲು ಇವರೊಬ್ಬರನ್ನೇ ಬಿಟ್ಟು, ಬೇಗ ತಳ್ಳು ಎಂದು ಅವಸರ ಮಾಡಿದವರು ಆಫೀಸಿನವರು, ನೀವಲ್ಲ. ವಿಚಾರಣೆಯಲ್ಲಿ ಹೇಳಿದ್ದನ್ನು ಬದಲಿಸಿ ಎಂದು ಕೇಳುವುದಿಲ್ಲ. ಬದಲಿಸಿದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ, ಕೇಳಿದರೂ ನೀವು ಬದಲಿಸುವುದಿಲ್ಲ ಎಂದು ಗೊತ್ತು. ಒಂದು ಸಲ ಬಂದು, "ನಿನ್ನ ಕೈ ಕಂಡಿತ್ತು ಕಣೋ" ಎಂದು ಇವರಿಗೊಬ್ಬರಿಗೆ ಹೇಳಿ ಹೋಗಿ. ಇವರು ಜಗಲಿಯ ಮೇಲೆಯೇ ಕೂತಿರುತ್ತಾರೆ. ನಾನು ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಕೊಂಡಿರುತ್ತೇನೆ, ನನಗೇನೂ ಕೇಳಿಸುವುದಿಲ್ಲ.

ಇಂತಿ,
ಸುಶ್ಮಿತಾ