ನನ್ನ ಮನೆಗೆ ನನ್ನದೇ ತಕರಾರು

ಬೆಟಗೇರಿ, ಮಾರ್ಚ್ ೩೨, ೨೧೮೭

ನಮ್ಮ ಓಣಿಯ ಹಿಂದಿನ ಕಾಲದವರಿಗೆ ಗುರುಸಂಗವ್ವ ಮಾಡುವ ಶರಣು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮ ಕಾಲದ ಮಾರ್ಚ್ ತಿಂಗಳಿಗೆ ಒಂದು ದಿನ ಹೆಚ್ಚು. ಅದಕ್ಕೆ ನೆರೆದಿನ, ಅಂದರೆ ನೆರೆಹೊರೆಯವರ ದಿನ, ಎನ್ನುತ್ತೇವೆ. ಅಂದು ಮಗ್ಗ ನಿಲ್ಲಿಸಿ ಓಣಿಯವರೆಲ್ಲ ಬಾವಿಕಟ್ಟೆಗೆ ಸೇರುತ್ತಾರೆ, ಯಾರ ಮನೆ ಎಷ್ಟು ಎತ್ತರಕ್ಕೆ ಏಳಬೇಕೆಂದು ತೀರ್ಮಾನಿಸುತ್ತಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಮನೆಯ ಸುತ್ತ ಇಷ್ಟು ಅಡಿ ಜಾಗ ಬಿಡಬೇಕೆಂಬ ನಿಮ್ಮ ‘ಸೆಟ್‌ಬ್ಯಾಕ್’ ಲೆಕ್ಕ ಕೂಡ ನನಗೆ ಅಷ್ಟೇ ವಿಚಿತ್ರ.

ಪರವಾನಗಿ ಬೇಕಾದವರು ನಕ್ಷೆ ಕೊಟ್ಟರೆ ಸಾಲದು. ಕಟ್ಟಬೇಕೆಂದಿರುವ ಮನೆಯಷ್ಟೇ ಎತ್ತರಕ್ಕೆ ಬಿದಿರು ನಿಲ್ಲಿಸಿ, ಗೋಡೆ ಬರುವಲ್ಲೆಲ್ಲ ಬಟ್ಟೆ ಬಿಗಿಯಬೇಕು. ಇದು ಬಿದಿರುಮನೆ. ತಿಂಗಳಿಡೀ ನಿಲ್ಲುತ್ತದೆ. ನೆರಳು ಎಲ್ಲಿ ಬಿತ್ತು, ಗಾಳಿ ಎಲ್ಲಿ ನಿಂತಿತು ಎಂಬುದು ನಕ್ಷೆ ಓದಲು ಬಾರದವರಿಗೂ ತಿಳಿಯುತ್ತದೆ. ತೊಂದರೆಯಾದವರು ನೆರೆದಿನದಂದು ಎದ್ದು ನಿಂತು ತಕರಾರು ಹೇಳಬೇಕು. ಯಾರೂ ಹೇಳದಿದ್ದರೆ ಎಲ್ಲರೂ ಒಪ್ಪಿದಂತೆ.

ಈ ಸಲದ ಬಿದಿರುಮನೆ ನನ್ನದೇ. ಮಗಳು ಶಾಂಭವಿ ಕೂಸಿನೊಂದಿಗೆ ಬಂದು ನನ್ನ ಜೊತೆಗೇ ಇದ್ದಾಳೆ. ಇಬ್ಬರೂ ಮಗ್ಗದ ಕೋಣೆಯಲ್ಲಿ ಮಲಗುತ್ತಾರೆ, ಮಗ್ಗದ ಸದ್ದಿಗೆ ಕೂಸು ಬೆಚ್ಚಿ ಅಳುತ್ತದೆ. ಮೇಲೊಂದು ಕೋಣೆ ಬೇಕೇ ಬೇಕು. ಆದರೆ ಬಟ್ಟೆ ಬಿಗಿದ ಮರುದಿನವೇ ಅದರ ನೆರಳು ಪಕ್ಕದ ಮನೆಯ ರಾಜೇಸಾಬನ ಅಂಗಳವನ್ನು ನುಂಗಿತು. ಬಣ್ಣ ಹಾಕಿದ ನೂಲನ್ನು ಅವನು ಒಣಹಾಕುವುದು ಅಲ್ಲೇ. ಪಾಪ, ಹಸಿ ನೂಲು ಹೊತ್ತು ಬಿಸಿಲು ಹುಡುಕಿಕೊಂಡು ಓಣಿಯ ತುದಿಯವರೆಗೆ ಹೋಗುತ್ತಾನೆ. ಕೇಳಿದರೆ, “ಇರ್ಲಿ ಬಿಡು ಯಕ್ಕಾ, ಕೂಸಿಗೊಂದು ಖೋಲಿ ಆಗ್ಲಿ” ಎನ್ನುತ್ತಾನೆ. ಅವನ ಈ ಮುಲಾಜು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮುಲಾಜು ಏನು ಮಾಡುತ್ತದೆಂದು ನಿಮ್ಮಿಂದಲೇ ಕಲಿತಿದ್ದೇನೆ. ನಿಮ್ಮ ಕಾಲದಲ್ಲಿ ಓಣಿಯ ದಕ್ಷಿಣಕ್ಕೆ ದೊಡ್ಡ ಕಟ್ಟಡ ಎದ್ದಿತು. ಅದರ ಪ್ರಕಟಣೆಯನ್ನು ಬಾವಿಯ ಪಕ್ಕದ ಗೋಡೆಗೆ ಅಂಟಿಸಿದ್ದರು, ತಕರಾರಿಗೆ ಸಮಯವನ್ನೂ ಕೊಟ್ಟಿದ್ದರು. ಕಟ್ಟಿಸುವವರು ನಮ್ಮವರೇ ಅಲ್ಲವೇ, ಹೇಗೆ ಹೇಳುವುದು ಎಂದು ನೀವೆಲ್ಲ ಸುಮ್ಮನಾದಿರಿ. ನಮ್ಮಜ್ಜಿ ಬಿಸಿಲು ಕಾಣದ ಈ ಓಣಿಯಲ್ಲೇ ಕೆಮ್ಮಿ ಕೆಮ್ಮಿ ಸತ್ತಳು. ಆ ಕಟ್ಟಡ ಕೆಡವಿದ ದಿನ ನಮ್ಮವ್ವ ಬಿಸಿಲಿಗೆ ಕೈಯೊಡ್ಡಿ ನಿಂತು ಅತ್ತಿದ್ದು ನನಗೆ ನೆನಪಿದೆ.

ಅದಕ್ಕೇ ಇವತ್ತು ನನ್ನ ಮನೆಗೆ ನಾನೇ ತಕರಾರು ಹೇಳುತ್ತೇನೆ. ಕೋಣೆ ಹಿಂದಕ್ಕೆ ಸರಿದು ಅಡುಗೆಮನೆಯ ಮೇಲೆ ಬರಲಿ, ಚಿಕ್ಕದಾದರೂ ಚಿಂತೆಯಿಲ್ಲ. ಬಿದಿರು ಮತ್ತೆ ನಿಲ್ಲಿಸಬೇಕು, ಮುಂದಿನ ವರ್ಷದ ನೆರೆದಿನದವರೆಗೆ ಕಾಯಬೇಕು. “ಯವ್ವಾ, ಮಂದಿ ನಗ್ತಾರ” ಎಂದು ಶಾಂಭವಿ ಮುಖ ಊದಿಸಿಕೊಂಡಿದ್ದಾಳೆ. ನಗಲಿ. ಆ ಕೂಸು ನಾಳೆ ರಾಜೇಸಾಬನ ಅಂಗಳದಲ್ಲೇ ಆಡಿ ಬೆಳೆಯಬೇಕು.

ಈ ಕಾಗದ ನಿಮ್ಮ ಕೈ ಸೇರುವಾಗ ಆ ಕಟ್ಟಡ ಇನ್ನೂ ಎದ್ದಿರಲಿಕ್ಕಿಲ್ಲ, ನಿಮ್ಮ ಬಾವಿಯ ಗೋಡೆಯ ಮೇಲೆ ಆ ಪ್ರಕಟಣೆಯ ಅಂಟು ಇನ್ನೂ ಹಸಿಯಾಗಿರಬಹುದು. ಹೋಗಿ ಓದಿ. ಅರ್ಥವಾಗದಿದ್ದರೆ ಕಚೇರಿಗೆ ಹೋಗಿ ನಕ್ಷೆ ಕೇಳಿ. ತಕರಾರು ಬರೆದು ಕೆಳಗೆ ನಿಮ್ಮ ಹೆಸರು ಹಾಕಿ, ಕಟ್ಟಿಸುವವರು ಬೀಗರಾಗಿದ್ದರೂ ಸರಿ.

ಬಾವಿಕಟ್ಟೆಯಲ್ಲಿ ಗಂಟೆ ಬಾರಿಸುತ್ತಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ, ರಾಜೇಸಾಬ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ. ಅವನು ಏಳುವುದಿಲ್ಲ. ನಾನು ಏಳುತ್ತೇನೆ. ನೀವೂ ಏಳಿ.