ಸಸಿ ಎಸೆಯುತ್ತಿದ್ದ ಕೈಗೆ ಚೆಂಡು ಕೊಟ್ಟ ಅಕ್ಕೋರಿಗೆ

ಪ್ರೀತಿಯ ವಂದನಾ ಅಕ್ಕೋರಿಗೆ,

ನಿಮ್ಮ ಸುಬ್ಬಿ ಮಾಡುವ ನಮಸ್ಕಾರಗಳು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಆತು ತಂಗಿ, ನೋಡ್ವ" ಅಂತ ಹೇಳಿ ಇಟ್ಟುಬಿಡುತ್ತೀರಿ. ಪತ್ರವನ್ನು ಹಾಗೆ ನಡುವೆ ಇಡಲಾಗುವುದಿಲ್ಲ. ಕಳೆದ ಶನಿವಾರ ಹೊನ್ನಾವರದಲ್ಲಿ ನಿಮ್ಮ ನಿವೃತ್ತಿಯ ಸನ್ಮಾನದ ದಿನ ನನಗೂ ಮಾತಾಡಲು ಹೇಳಿದ್ದರು. ಎದ್ದು ಮೈಕಿನ ಹತ್ತಿರ ಹೋದೆ. ಆ ಸೆಖೆಯಲ್ಲಿ ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬೆವರುತ್ತ ಕೂತಿದ್ದ ನಿಮ್ಮನ್ನು ನೋಡಿದ್ದೇ, ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. "ನಮ್ಮ ಅಕ್ಕೋರು ದೊಡ್ಡವರು" ಎಂದಷ್ಟೇ ಹೇಳಿ ಇಳಿದುಬಂದೆ. ದೈಹಿಕ ಶಿಕ್ಷಕಿಯಾಗಿ ದಿನವಿಡೀ ಮಕ್ಕಳ ಮೇಲೆ ಕೂಗಾಡುವವಳಿಗೆ ಅವತ್ತು ದನಿಯೇ ಇರಲಿಲ್ಲ.

ಉಳಿದವರೆಲ್ಲ ಚೆನ್ನಾಗಿ ಮಾತಾಡಿದರು. ನಿಮ್ಮ ತಂಡ ಎಷ್ಟು ಸಲ ಅಂತರ್ ಕಾಲೇಜು ಚಾಂಪಿಯನ್ ಆಯಿತು, ಎಷ್ಟು ಹುಡುಗಿಯರು ವಿಶ್ವವಿದ್ಯಾಲಯದ ತಂಡಕ್ಕೆ ಹೋದರು, ಯಾರು ಪೊಲೀಸ್ ಇಲಾಖೆ ಸೇರಿದರು, ಯಾರು ರೈಲ್ವೆ ಸೇರಿದರು, ಎಲ್ಲ ಹೇಳಿದರು. ಕೇಳುತ್ತಿದ್ದರೆ ಗೆಲ್ಲುವುದೊಂದನ್ನೇ ಮಾಡಿಕೊಂಡು ಬಂದವರು ನೀವು ಅನ್ನಿಸುತ್ತಿತ್ತು. ಸೋತ ಕಾಲವನ್ನು ಅಲ್ಲಿ ಯಾರೂ ಹೇಳಲಿಲ್ಲ. ಹೇಳಬೇಕಾದವಳು ನಾನಾಗಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿ ಎರಡೇ ವಾರಕ್ಕೆ ನಾಟಿ ಶುರುವಾಗಿ ಮನೆಯಲ್ಲಿ ಉಳಿದುಬಿಟ್ಟಿದ್ದೆ. ನಮ್ಮ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ ನಾಟಿಯ ಹೊತ್ತಿಗೆ ಕಾಲೇಜಿಗೆ ಹೋಗುತ್ತೇನೆ ಅಂದರೆ ನಗುತ್ತಿದ್ದರು. ಅಂಥ ಒಂದು ದಿನ ನೀವು ಯಾರದೋ ಮನೆಗೆ ಹೊರಟವರು ಮಳೆಗೆ ರೇನ್‌ಕೋಟ್ ಹಾಕಿಕೊಂಡು ನಮ್ಮ ಗದ್ದೆಯ ಪಕ್ಕದ ರಸ್ತೆಯಲ್ಲಿ ಸ್ಕೂಟಿಯಲ್ಲಿ ಬಂದಿರಿ. ನಾನು ಗದ್ದೆಯಂಚಿನ ಮೇಲೆ ನಿಂತು, ದೂರದಲ್ಲಿ ಸಾಲಾಗಿ ಬಗ್ಗಿ ನೆಡುತ್ತಿದ್ದ ಅವ್ವಿ ಮತ್ತು ಉಳಿದ ಹೆಂಗಸರಿಗೆ ಕಟ್ಟಿದ ಸಸಿಯ ಸೂಡಿಗಳನ್ನು ಕೆಳಗೈಯಿಂದ ಬೀಸಿ ಎಸೆಯುತ್ತಿದ್ದೆ. ಯಾರಿಗೆ ಬೇಕೋ ಅವರ ಕಾಲ ಬುಡಕ್ಕೆ ಬೀಳಬೇಕು, ಮುಖಕ್ಕೆ ಕೆಸರು ಸಿಡಿಯಬಾರದು, ಅಷ್ಟೇ ಲೆಕ್ಕ. ಸ್ಕೂಟಿ ನಿಂತಿತು. ನೀವು ಇಳಿದು ಬಹಳ ಹೊತ್ತು ನೋಡಿದಿರಿ. ಆಮೇಲೆ ಕೂಗಿದಿರಿ: "ಏ ತಂಗಿ, ಇನ್ನೊಂದ್ಸಲ ಒಗಿ ನೋಡ್ವ!"

ನನ್ನನ್ನು ಕಾಲೇಜಿಗೆ ಸೇರಿಸಲು ಬಂದಾಗ ನಿಮ್ಮ ಪರಿಚಯವಾಗಿದ್ದ ಅಪ್ಪ ಹಾರೆ ಊರಿ ನಿಂತು, "ಎಂತ ಅಕ್ಕೋರೆ, ಸಸಿ ಬೇಕಾಗಿತ್ತಾ?" ಅಂತ ಕೇಳಿದ.

"ಸಸಿ ಬೇಡ ಬೊಮ್ಮಣ್ಣ, ನಿನ್ನ ಮಗಳ ಕೈ ಬೇಕಾಗಿತ್ತು" ಅಂದಿರಿ. ಅಪ್ಪ ಮದುವೆಯ ಮಾತು ಅಂತ ತಿಳಿದು ಗಾಬರಿಯಾದದ್ದು ನಿಮಗೆ ನೆನಪಿರಬೇಕು. ಆಮೇಲೆ ನೀವು ಆ ಮಳೆಯಲ್ಲೇ ಅಂಚಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಆಟ ವಿವರಿಸಿದಿರಿ. ಒಬ್ಬಳು ನಡುವೆ ನಿಂತು ಕೆಳಗೈಯಿಂದ ಚೆಂಡು ಎಸೆಯುತ್ತಾಳೆ, ಎದುರಿನವಳು ದಾಂಡಿನಿಂದ ಹೊಡೆದು ನಾಲ್ಕು ಮೂಲೆ ಸುತ್ತಿ ಬರಬೇಕು, ಬಂದರೆ ಒಂದು ರನ್. ಅಪ್ಪ ಎಲ್ಲ ಕೇಳಿ, "ಸುತ್ತಿ ವಾಪಸ್ ಅಲ್ಲಿಗೇ ಬರೂದಾದ್ರೆ ಓಡೂದು ಎಂತಕೆ?" ಅಂದ. ಅದಕ್ಕೆ ನೀವು ನಕ್ಕ ನಗು ನಮ್ಮ ಕೇರಿಯಲ್ಲಿ ಇವತ್ತಿಗೂ ಮಾತಿನಲ್ಲಿದೆ.

ಹಾಗೆ ನಾನು ತಂಡಕ್ಕೆ ಬಂದೆ. ಉಳಿದ ಹುಡುಗಿಯರೆಲ್ಲ ನಿಮ್ಮನ್ನು ಮೇಡಂ ಅನ್ನುತ್ತಿದ್ದರು. ನನಗೆ ಅಭ್ಯಾಸದಿಂದ ಅಕ್ಕೋರೆ ಅಂತಲೇ ಬಂತು. ಅವರು ನಕ್ಕಾಗ ನೀವು, "ಅದೇ ಕರಿ. ಮೇಡಂ ಊರಿಗೆಲ್ಲ ಇದ್ದಾರೆ" ಅಂದಿರಿ.

ನೀವು ಕುಮಟಾದವರು, ಆಡಿ ಬೆಳೆದದ್ದು ಕಬಡ್ಡಿ. ಧಾರವಾಡದಲ್ಲಿ ಓದುವಾಗ ಸಾಫ್ಟ್‌ಬಾಲ್ ನೋಡಿ ಮನಸೋತವರು. ಹೊನ್ನಾವರಕ್ಕೆ ಕೆಲಸಕ್ಕೆ ಬಂದ ಹೊಸದರಲ್ಲಿ ಈ ಆಟದ ಹೆಸರು ಹೇಳಿದರೆ ಪ್ರಿನ್ಸಿಪಾಲರೂ "ಅದು ಮೆತ್ತಗಿನ ಚೆಂಡಿಂದಾ?" ಅಂತ ಕೇಳುತ್ತಿದ್ದರಂತೆ. ಒರಟು ಕೆಂಪು ಚಿರೆಕಲ್ಲಿನ ಮೈದಾನ, ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಪ್ರತಿವರ್ಷ ಅಂತರ್ ಕಾಲೇಜು ಪಂದ್ಯಗಳಿಗೆ ಧಾರವಾಡಕ್ಕೆ ಹೋಗುವುದು, ಮೊದಲ ಪಂದ್ಯ ಸೋಲುವುದು, ಅರಬೈಲು ಘಟ್ಟದಲ್ಲಿ ನೀವು ವಾಂತಿ ಮಾಡಿಕೊಳ್ಳುತ್ತ ವಾಪಸು ಬರುವುದು. ನಾನು ಹೋದ ಮೊದಲ ವರ್ಷವೂ ಹಾಗೇ ಆಯಿತು. ನಮ್ಮ ಹರಕು ಕೈಗವಸುಗಳನ್ನು ನೋಡಿ ಎದುರು ತಂಡದ ಕೋಚ್ ಒಬ್ಬರು, "ಏನ್ರಿ ಮೇಡಂ, ಮೀನ್ ಹಿಡಿಯಾಕ ಬಲಿ ತಂದೀರೇನು?" ಅಂದಿದ್ದರು. "ಹೌದು, ನಿಮ್ಮ ಹುಡುಗೀರು ಹೊಡೆದದ್ದೆಲ್ಲ ಹಿಡಿಯೂಕೆ" ಅಂದಿರಿ ನೀವು. ಆ ಪಂದ್ಯದಲ್ಲಿ ನಾವು ಒಂದು ಕ್ಯಾಚನ್ನೂ ಹಿಡಿಯಲಿಲ್ಲ. ಆದರೂ ಬಸ್ಸಿನಲ್ಲಿ ಆ ಮಾತು ನೆನೆದು ನೆನೆದು ನಕ್ಕೆವು.

ಮೂರನೇ ವರ್ಷಕ್ಕೆ ನಾವು ನಿಜವಾಗಿಯೂ ಗೆಲ್ಲುವ ತಂಡವಾಗಿದ್ದೆವು. ನನ್ನ ಕೈ ಹದಕ್ಕೆ ಬಂದಿತ್ತು. ಗೇರುಸೊಪ್ಪೆಯಿಂದ ಬರುತ್ತಿದ್ದ, ನನಗಿಂತ ಒಂದು ವರ್ಷ ಚಿಕ್ಕವಳಾದ ಕವಿತಾ ಹೊಡೆದ ಚೆಂಡು ಮೈದಾನದಾಚೆಯ ಗೇರು ಮರಗಳಿಗೆ ಹೋಗಿ ಬೀಳುತ್ತಿತ್ತು. ಧಾರವಾಡಕ್ಕೆ ಹೊರಡುವ ವಾರ, ಅಭ್ಯಾಸದಲ್ಲಿ ನಾನು ಎಸೆದ ಚೆಂಡನ್ನು ಅದೇ ಕವಿತಾ ನೇರ ಹೊಡೆದಳು. ಅದು ನನ್ನ ಎಡಗಣ್ಣಿನ ಕೆಳಗೆ ಬಂದು ಬಡಿಯಿತು. ಶಬ್ದ ಕೇಳಿದ್ದು ನೆನಪಿದೆ. ಆಮೇಲೆ ನೆನಪಿರುವುದು ಮಣಿಪಾಲದ ಆಸ್ಪತ್ರೆಯ ದಾರಿಯಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನೀವು. "ತಂಗಿ, ಮಾತಾಡ್ತಾ ಇರು, ಎಂತಾದ್ರೂ ಮಾತಾಡು" ಅನ್ನುತ್ತಿದ್ದಿರಿ.

ಮೂಳೆ ಕೂಡಿತು. ಕಣ್ಣು ಉಳಿಯಿತು, ಆದರೆ ದೃಷ್ಟಿ ಮಂಜಾಯಿತು. ಚೆಂಡು ಎಷ್ಟು ದೂರದಲ್ಲಿದೆ ಅಂತ ಅಂದಾಜು ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನೀವು ಕಿಟಕಿಯ ಕಡೆ ತಿರುಗಿ ನಿಂತಿರಿ. ತಪ್ಪು ನಿಮ್ಮದಾಗಿರಲಿಲ್ಲ. ಆಗ ಎಲ್ಲೂ ಯಾರೂ ಎಸೆಯುವವರಿಗೆ ಮುಖಕ್ಕೆ ಏನೂ ಹಾಕುತ್ತಿರಲಿಲ್ಲ. ಆದರೂ ನೀವು ಧಾರವಾಡಕ್ಕೆ ತಂಡ ಕಳಿಸಲಿಲ್ಲ. ದಾಂಡು, ಚೆಂಡು, ಗವಸು ಎಲ್ಲ ಕೋಣೆಯೊಳಗೆ ಹಾಕಿ ಬೀಗ ಜಡಿದಿರಿ. ಕಾಲೇಜಿನವರು ನಿಲ್ಲಿಸಿ ಅನ್ನುವ ಮೊದಲೇ ನೀವೇ ನಿಲ್ಲಿಸಿದ್ದಿರಿ. ಆಮೇಲೆ ಯೋಗ, ಕವಾಯತು, ಅಷ್ಟೇ. ಕವಿತಾ ನನ್ನ ಎದುರು ಬರುವುದನ್ನೇ ಬಿಟ್ಟಳು. ಕಾಲೇಜಿನ ಇನ್ನೊಂದು ಬಾಗಿಲಿನಿಂದ ಓಡಾಡುತ್ತಿದ್ದಳು.

ಆ ವರ್ಷದ ಪರೀಕ್ಷೆ ತಪ್ಪಿಹೋಗಿದ್ದರಿಂದ ನಾನು ಮತ್ತೆ ಅದೇ ತರಗತಿಗೆ ಸೇರಬೇಕಾಯಿತು. ಸೇರುವ ದಿನ ಅಪ್ಪನೂ ಬಂದ, ಕೈಯಲ್ಲಿ ಹಿತ್ತಲ ಬಳ್ಳಿಯಲ್ಲಿ ಬಿಟ್ಟ ಒಂದು ದೊಡ್ಡ ಮೊಗೆಕಾಯಿ. ನಿಮ್ಮ ಕೋಣೆಯ ಬಾಗಿಲಲ್ಲಿ ಅವನನ್ನು ಕಂಡು ನೀವು ಎದ್ದು ನಿಂತಿರಿ. ಜಗಳಕ್ಕೆ ಬಂದ ಅಂತ ತಿಳಿದಿರಬೇಕು, ಮುಖ ಬಿಳಿಚಿಕೊಂಡಿತ್ತು. ಅಪ್ಪ ಮೊಗೆಕಾಯಿಯನ್ನು ಮೇಜಿನ ಮೇಲಿಟ್ಟು ಕೇಳಿದ:

"ಆಟ ಬಂದ್ ಮಾಡಿದ್ರಂತೆ. ಎಂತಕೆ ಅಕ್ಕೋರೆ?"

"ನಿನ್ನ ಮಗಳ ಮುಖ ನೋಡು ಬೊಮ್ಮಣ್ಣ. ಇನ್ನೊಬ್ಬರ ಮನೆ ಮಗಳಿಗೆ ಹೀಗಾಗೂದು ಬೇಡ."

"ಕತ್ತಿ ತಾಗ್ತದೆ ಅಂತ ನಾವು ಗದ್ದೆ ಕೊಯ್ಯೂದು ಬಿಡ್ತ್ವಾ? ತಾಗದ ಹಾಂಗೆ ಕೊಯ್ಯೂದು ಕಲಿತ್ವು. ಇವಳು ಮನೇಲಿ ಎಂತ ಮಾಡ್ತಾಳೆ ಗೊತ್ತುಂಟಾ? ದಿನಾ ಕೊಟ್ಟಿಗೆ ಗೋಡೆಗೆ ಬಿದ್ದ ತೆಂಗಿನಮಿಡಿ ಒಗೀತಾಳೆ. ದನ ಹಾಲು ಕೊಡೂದಿಲ್ಲ ಹೆದರಿ."

ನೀವು ನಕ್ಕಿರೋ ಅತ್ತಿರೋ ನನಗೆ ಸರಿಯಾಗಿ ಕಾಣಲಿಲ್ಲ. ಮಂಜುಗಣ್ಣಿನವಳು ನಾನು. ಆದರೆ ಮೇಜಿನ ಖಾನೆಯಿಂದ ನೀವು ಬೀಗದ ಕೈ ತೆಗೆದದ್ದು ಕಂಡಿತು.

ಎಲ್ಲಿಂದಲೋ ಸರಳಿನ ಮುಖಕವಚ ತರಿಸಿದಿರಿ. ಅದನ್ನು ಹಾಕದೆ ಯಾರೂ ಎಸೆಯುವ ಜಾಗದಲ್ಲಿ ಕಾಲಿಡಕೂಡದು ಅಂತ ಕಟ್ಟುನಿಟ್ಟು ಮಾಡಿದಿರಿ. ಮೊದಮೊದಲು ಧಾರವಾಡದಲ್ಲಿ ಅದನ್ನು ಪಂಜರ ಅಂತ ಆಡಿಕೊಂಡರು. ಈಗ ಅವರ ಮಕ್ಕಳೂ ಹಾಕುತ್ತಾರೆ.

ನಾನು ಎಸೆಯಬಲ್ಲೆ, ಆದರೆ ಹೊಡೆದದ್ದು ವಾಪಸು ಬಂದರೆ ಹಿಡಿಯಲಾರೆ ಎಂಬುದು ಒಂದೇ ವಾರದಲ್ಲಿ ಗೊತ್ತಾಯಿತು. ನನಗೆ ಆಟವೇ ಮುಗಿದ ಹಾಗಾಗಿತ್ತು. ನೀವು ಸಮಾಧಾನ ಮಾಡಲಿಲ್ಲ. "ಹಂಗಾರೆ ನಿನಗೆ ಬರೂದನ್ನ ಇನ್ನೊಬ್ಬಳಿಗೆ ಕಲಿಸು. ಯಾರಿಗೆ ಅಂತ ನೀನೇ ಹೇಳು" ಅಂದಿರಿ. ನಾನು ಕವಿತಾ ಅಂದೆ. ನೀವು "ಕರ್ಕೊಂಡು ಬಾ" ಅಂದಿರಿ.

ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ, ಗೇರುಸೊಪ್ಪೆ ಬಸ್ಸಿನೊಳಗೇ ಹತ್ತಿ ಹಿಡಿದೆ. "ನನ್ನ ಕೈಲಾಗೂದಿಲ್ಲ ಸುಬ್ಬಿ" ಅಂತ ಕಿಟಕಿಗೆ ಮುಖ ಮಾಡಿ ಅತ್ತಳು. "ಪೆಟ್ಟು ಬಿದ್ದದ್ದು ನನ್ನ ಕಣ್ಣಿಗೆ ಮಾರಾಯ್ತಿ, ನಿನ್ನ ಕೈಗೆ ಎಂತಾಗಿದೆ?" ಅಂದೆ. ಅಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಇಬ್ಬರೂ ಗೇರುಸೊಪ್ಪೆಗೇ ಹೋದೆವು. ಅವಳ ಅಮ್ಮ ಮಾಡಿದ ಊಟ ಉಂಡು, ಅವರ ಅಂಗಳದಲ್ಲೇ ಮೊದಲ ಪಾಠ ಶುರುಮಾಡಿದೆ. ನಾನು ಕೋಚ್ ಆದದ್ದು ಅಲ್ಲಿ. ಅದು ನಿಮಗೆ ಗೊತ್ತಿರಲಿಕ್ಕಿಲ್ಲ.

ಆ ವರ್ಷ ಧಾರವಾಡದಲ್ಲಿ ಫೈನಲ್ ತಲುಪಿದೆವು, ಅದರ ಕೊನೆಯ ಸುತ್ತು. ನಮ್ಮದು ಒಂದೇ ರನ್ ಜಾಸ್ತಿ, ಎದುರಿನವರು ಮೂರು ಮೂಲೆಯಲ್ಲೂ ನಿಂತಿದ್ದಾರೆ, ಇನ್ನೊಬ್ಬಳು ಔಟಾದರೆ ಗೆಲುವು, ಹೊಡೆದರೆ ಸೋಲು. ಕವಿತಾ ಎಸೆದದ್ದು ಎರಡು ಸಲ ದಾರಿ ತಪ್ಪಿತು. ನೀವು ಆಟ ನಿಲ್ಲಿಸಿ ಎದ್ದಿರಿ, ಎರಡು ಹೆಜ್ಜೆ ನಡೆದು ನಿಂತು, ನನ್ನತ್ತ ತಿರುಗಿ "ನೀ ಹೋಗು" ಅಂದಿರಿ. ಅಷ್ಟು ವರ್ಷ ಆ ಗಳಿಗೆಗಾಗಿ ಕಾದವರು ನೀವು. ಅದನ್ನು ನನ್ನ ಕೈಗೆ ಕೊಟ್ಟಿರಿ. ಹೋಗಿ ಕವಿತಾಳ ಹತ್ತಿರ ಏನು ಹೇಳಿದೆ ಅಂತ ನೀವು ಎಷ್ಟೋ ಸಲ ಕೇಳಿದ್ದೀರಿ, ನಾವು ಹೇಳಿರಲಿಲ್ಲ. ಈಗ ಹೇಳುತ್ತೇನೆ. "ಬೆಳಿಗ್ಗೆ ಎಂತ ತಿಂದ್ಯೆ?" ಅಂತ ಕೇಳಿದೆ. "ಅವಲಕ್ಕಿ" ಅಂದಳು. "ಅಷ್ಟೇಯಾ? ಹಂಗಾರೆ ಬೇಗ ಮುಗ್ಸು, ನನಗೂ ಹಸಿವು" ಅಂದೆ. ಅವಳು ಕವಚದೊಳಗೇ ನಕ್ಕಳು. ಆಮೇಲೆ ಎಸೆದ ಚೆಂಡುಗಳಲ್ಲಿ ಒಂದನ್ನೂ ದಾಂಡು ಹಿಡಿದಿದ್ದ ಹುಡುಗಿಗೆ ಮುಟ್ಟಲಾಗಲಿಲ್ಲ.

ವಾಪಸು ಬರುವಾಗ ಘಟ್ಟದಲ್ಲಿ ನಾನು ಅವ್ವಿಯ ನಾಟಿ ಹಾಡು ಹೇಳಿದೆ, ಇಡೀ ಬಸ್ಸು ಸೊಲ್ಲು ಹಿಡಿಯಿತು. ನೀವು ಆ ದಿನವೂ ವಾಂತಿ ಮಾಡಿಕೊಂಡಿರಿ. ಕಪ್ ಗೆದ್ದರೂ ಅರಬೈಲು ಅರಬೈಲೇ.

ಅಲ್ಲಿಂದ ಈಚಿನದನ್ನು ವೇದಿಕೆಯ ಮೇಲಿನವರು ಹೇಳಿದ್ದಾರೆ. ಧಾರವಾಡದಿಂದ ದೊಡ್ಡ ಕೆಲಸಕ್ಕೆ ಕರೆದಾಗ ನೀವು ಹೋಗದೆ ಉಳಿದದ್ದನ್ನು ತ್ಯಾಗ ಅಂದರು. ನಮ್ಮೆದುರು ನೀವು ಹೇಳಿದ್ದೇ ಬೇರೆ: "ಅಲ್ಲಿ ಎಲ್ಲ ಹುಡುಗೀರಿಗೂ ಆಟ ಗೊತ್ತುಂಟು. ನನಗೆ ಬೇಜಾರಾಗ್ತದೆ." ನನಗೆ ಅದೇ ಸರಿಯಾದ ಮಾತು ಅನ್ನಿಸುತ್ತದೆ.

ಸನ್ಮಾನ ಮುಗಿದು ಎಲ್ಲರೂ ಊಟಕ್ಕೆ ಹೋದ ಮೇಲೆ ನೀವು ಮೆಟ್ಟಿಲ ಮೇಲೆ ನಿಂತು ಮೈದಾನ ನೋಡುತ್ತಿದ್ದಿರಿ. "ಇನ್ನು ಬೆಳಿಗ್ಗೆ ಎದ್ದು ಎಂತ ಮಾಡೂದು ಅಂತ್ಲೇ ತಿಳಿಯೂದಿಲ್ಲ ಸುಬ್ಬಿ" ಅಂದಿರಿ. ಅದನ್ನು ನಗುತ್ತಲೇ ಹೇಳಿದಿರಿ, ಆದರೆ ಮನೆಗೆ ಬಂದ ಮೇಲೂ ನನಗೆ ಆ ಮಾತು ಬಿಡಲಿಲ್ಲ. ಹಾಗಾಗಿ ಈಗ ಅಸಲು ವಿಷಯಕ್ಕೆ ಬರುತ್ತೇನೆ.

ನಾನಿರುವ ಭಟ್ಕಳದ ಹೈಸ್ಕೂಲಿನಲ್ಲಿ ಈ ವರ್ಷ ಹುಡುಗಿಯರ ತಂಡ ಕಟ್ಟಿದ್ದೇನೆ. ಮೀನುಗಾರರ ಮನೆಯವರು, ನಮ್ಮ ಕಡೆಯ ಗದ್ದೆಯವರು, ಜಾಲಿ ಊರಿನ ಕಡೆಯಿಂದ ಬರುವ ನವಾಯತ ಮುಸ್ಲಿಮರ ಮಕ್ಕಳು, ಎಲ್ಲ ಇದ್ದಾರೆ. ಮೈದಾನದಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಒಟ್ಟಿಗೇ ಕೇಳುತ್ತದೆ. ಯಾರು ಯಾವ ಭಾಷೆಯಲ್ಲಿ ಬೈದರೂ ಎಲ್ಲರಿಗೂ ತಿಳಿಯುತ್ತದೆ. ಅವರಲ್ಲಿ ನುಸೈಬಾ ಎಂಬವಳೊಬ್ಬಳಿದ್ದಾಳೆ. ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿ ಬರುತ್ತಾಳೆ, ಅವಳು ಎಸೆದರೆ ಚೆಂಡು ಸಿಳ್ಳೆ ಹಾಕುತ್ತದೆ. ಅವಳ ತಾಯಿ ಶಾಲೆಗೆ ಬಂದು, "ಆಡ್ಲಿ ಟೀಚರ್, ಬೇಡ ಅನ್ನೂದಿಲ್ಲ. ಆದರೆ ಮುಖಕ್ಕೆ ತಾಗಿದ್ರೆ?" ಅಂತ ಕೇಳಿದರು. ನಾನು ಕನ್ನಡಕ ತೆಗೆದು, "ನನಗೆ ತಾಗಿದೆ, ನೋಡಿ" ಅಂದೆ. ಆಮೇಲೆ ಮುಖಕವಚವನ್ನು ಅವರ ಕೈಗೇ ಕೊಟ್ಟೆ. ಅವರು ಅದರ ಸರಳುಗಳನ್ನು ಒಂದೊಂದಾಗಿ ಜಗ್ಗಿ ನೋಡಿದರು. ನನ್ನ ಕೆನ್ನೆಯ ಗುರುತನ್ನೂ ನೋಡಿದರು. "ನಿಮಗೆ ಹೀಗಾದ ಮೇಲೂ ನಿಮ್ಮ ಟೀಚರ್ ಆಟ ಕಲಿಸೂದು ಬಿಡ್ಲಿಲ್ವಾ?" ಅಂದರು. "ಬಿಟ್ಟಿದ್ರು, ಮತ್ತೆ ಹಿಡಿದ್ರು" ಅಂದೆ. ಮರುದಿನದಿಂದ ಮಗಳು ಬರುತ್ತಿದ್ದಾಳೆ.

ಕಷ್ಟ ಏನೆಂದರೆ ನುಸೈಬಾ ಎಡಗೈಯವಳು. ನಾನು ಎಷ್ಟು ತೋರಿಸಿದರೂ ಅವಳಿಗೆ ತಿರುವುಮುರುವಾಗುತ್ತದೆ. ಚೆಂಡು ಒಮ್ಮೆ ಹೆಡ್‌ಮಾಸ್ಟರ್ ರಮಾನಂದ ಸರ್ ಅವರ ಕಿಟಕಿಗೂ ಹೋಯಿತು. ಎಡಗೈಯವರಿಗೆ ಕಲಿಸಿದವರು ಈ ಕರಾವಳಿಯಲ್ಲಿ ನನಗೆ ಗೊತ್ತಿರುವ ಹಾಗೆ ನೀವೊಬ್ಬರೇ.

ಬರುವ ಭಾನುವಾರ ಬೆಳಿಗ್ಗೆ ಕುಮಟಾದಿಂದ ಭಟ್ಕಳದ ಬಸ್ಸು ಹತ್ತಿ. ದಾರಿಯಲ್ಲಿ ಘಟ್ಟವಿಲ್ಲ, ಹೆದರಬೇಡಿ. ಸ್ಟ್ಯಾಂಡಿಗೆ ನನ್ನ ಗಂಡ ರಾಘು ಬೈಕ್ ತರುತ್ತಾರೆ. ಮಧ್ಯಾಹ್ನ ನಮ್ಮಲ್ಲೇ ಊಟ, ಸಂಜೆ ನಾನೇ ಬಸ್ಸು ಹತ್ತಿಸುತ್ತೇನೆ. ನೋಡ್ವ ಅನ್ನುವ ಹಾಗಿಲ್ಲ ಅಕ್ಕೋರೆ. ನೀವು ಬರುತ್ತೀರಿ ಅಂತ ನಾನಾಗಲೇ ಹೇಳಿಯಾಗಿದೆ. ನುಸೈಬಾ ಆಗಿನಿಂದ ಎಲ್ಲರಿಗೂ, "ನಮ್ಮ ಟೀಚರ್‌ಗೇ ಕಲಿಸಿದ ಟೀಚರ್ ನನಗೆ ಕಲಿಸೂಕೆ ಬರ್ತಾರೆ" ಅಂತ ಸಾರಿಕೊಂಡು ತಿರುಗುತ್ತಿದ್ದಾಳೆ.

ನಿಮ್ಮ ಮೊಣಕಾಲು ಗಟ್ಟಿಯಾಗಿರಲಿ, ದನಿ ಹಾಗೇ ಜೋರಾಗಿರಲಿ, ನಿಮ್ಮ ಮುಂದೆ ಯಾವಾಗಲೂ ಆಟ ಗೊತ್ತಿಲ್ಲದ ಹುಡುಗಿಯರೇ ಇರಲಿ.

ಮೈದಾನದ ಬಾಗಿಲಲ್ಲಿ ಕಾಯುತ್ತಿರುವ,
ನಿಮ್ಮ ಸುಬ್ಬಿ
ಭಟ್ಕಳ